ನಾನು ಬರೆದ ಚೀಟಿ

ಹದಿನೈದು ದಿನಕ್ಕೊಮ್ಮೆ ನಾನು ಜೈಲಿಗೆ ಹೋಗುತ್ತೇನೆ. ಮೆಲ್ಕಾರಿನ ಬಸ್ ಸ್ಟಾಪಿನಲ್ಲಿ ಯಾರಾದರೂ ಕೇಳಿದಾಗ ಹೀಗೆ ಹೇಳಿದರೆ ಒಮ್ಮೆ ತಿರುಗಿ ನೋಡುತ್ತಾರೆ. ನಾನು ನರ್ಸ್. ಶುಗರ್ ಇರುವವರ ಪಾದ ನೋಡುವುದು ನನ್ನ ಕೆಲಸ. ಉಗುರು ಕತ್ತರಿಸುವುದು, ದಡ್ಡುಗಟ್ಟಿದ ಚರ್ಮ ಕೆರೆದು ತೆಗೆಯುವುದು, ಬೆರಳ ಸಂದು ಒರೆಸುವುದು. ಇಲ್ಲಿನ ಕ್ಲಿನಿಕ್ಕಿನಲ್ಲಿ ದಿನವೂ ಮಾಡುವುದನ್ನೇ ಅಲ್ಲಿಯೂ ಮಾಡುತ್ತೇನೆ. ವ್ಯತ್ಯಾಸವೆಂದರೆ ಜೈಲಿನ ಗೇಟಿನಲ್ಲಿ ನನ್ನ ಬ್ಲೇಡುಗಳನ್ನು ಎಣಿಸಿ ಒಳಗೆ ಬಿಡುತ್ತಾರೆ, ಎಣಿಸಿ ಹೊರಗೆ ಬಿಡುತ್ತಾರೆ. ಯಾರ ಮೇಲೆ ಯಾವ ಕೇಸು ಎಂದು ನಾನು ಕೇಳುವುದಿಲ್ಲ. ಅದು ದೊಡ್ಡ ಗುಣವೇನಲ್ಲ. ಅಷ್ಟು ಜನರ ಪಾದ ಮುಗಿಸಿ ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕಾದವಳಿಗೆ ಕತೆ ಕೇಳುವ ಪುರುಸೊತ್ತಿಲ್ಲ.

ಅಲ್ಲಿ ಬೆಳ್ತಂಗಡಿ ಕಡೆಯ ಗುಡ್ಡದ ಊರಿನವರೊಬ್ಬರಿದ್ದಾರೆ. ಅರುವತ್ತರ ಆಸುಪಾಸು. ಹೊರಗಿದ್ದಾಗ ಬೇರೆಯವರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರು. ವಿಚಾರಣೆ ಮುಗಿಯುವ ಮೊದಲೇ ನಾಲ್ಕು ವರ್ಷ ಒಳಗೆ ಕಳೆದಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತೇನೆ, ಅವರು ನನ್ನನ್ನು ಅಕ್ಕ ಎನ್ನುತ್ತಾರೆ. ನಮ್ಮ ಕಡೆ ಇದಕ್ಕೆ ವಯಸ್ಸಿನ ಲೆಕ್ಕವಿಲ್ಲ. ವಾರ್ಡರ್ ಜೊತೆ ತುಳು ಮಾತಾಡುವ ಮನುಷ್ಯ ನನ್ನ ಬಿಳಿ ಕೋಟು ಕಂಡ ಕೂಡಲೇ ಶಾಲೆಯ ಕನ್ನಡಕ್ಕೆ ಬರುತ್ತಿದ್ದರು.

ಪಾದದಲ್ಲಿ ಸ್ಪರ್ಶ ಉಳಿದಿದೆಯೇ ಎಂದು ನೋಡಲು ನಮ್ಮಲ್ಲಿ ಒಂದು ನೈಲಾನ್ ಎಳೆ ಇದೆ, ಮೀನಿನ ಗಾಳದ ದಾರದಂಥದ್ದು. ರೋಗಿ ಕಣ್ಣು ಮುಚ್ಚಿರಬೇಕು. ಎಳೆಯ ತುದಿಯನ್ನು ಪಾದದ ಹತ್ತು ಕಡೆ ಒತ್ತುತ್ತೇನೆ; ಗೊತ್ತಾದಾಗ "ಉಂಟು" ಎನ್ನಬೇಕು. ಅಣ್ಣ ಹತ್ತಕ್ಕೆ ಹತ್ತು ಸಲವೂ "ಉಂಟು" ಎಂದರು. ಮೊದಲ ಮೂರು ಭೇಟಿಯಲ್ಲೂ ನಾನು ಪುಸ್ತಕದಲ್ಲಿ 'ಸ್ಪರ್ಶ ಸರಿಯಿದೆ' ಎಂದು ಬರೆದೆ. ಸ್ಪರ್ಶ ಇದ್ದವರ ಅಂಗಾಲನ್ನು ಹೆಚ್ಚು ಕೆದಕದೆ ಉಗುರು ಕತ್ತರಿಸಿ ಕಳಿಸಿಬಿಡುತ್ತಿದ್ದೆ.

ನಾಲ್ಕನೆಯ ಸಲ, ಏಪ್ರಿಲ್ ಕೊನೆಯಲ್ಲಿ, ಪರೀಕ್ಷೆಯ ನಡುವೆ ವಾರ್ಡರ್ ಏನೋ ಕೇಳಿದ. ಎಳೆಯನ್ನು ಗಾಳಿಯಲ್ಲೇ ಹಿಡಿದು ಅವನ ಕಡೆ ತಿರುಗಿದೆ.

"ಉಂಟು," ಎಂದರು ಅಣ್ಣ, ಕಣ್ಣು ಮುಚ್ಚಿಕೊಂಡೇ. ನಾನು ಅಲುಗಾಡದೆ ಕೂತೆ. ಸ್ವಲ್ಪ ಹೊತ್ತಿಗೆ ಇನ್ನೊಂದು, "ಉಂಟು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಎಂಥ ಉಂಟು ಮಾರಾಯ್ರೆ? ನಾನು ಮುಟ್ಟಲೇ ಇಲ್ಲ!"

ಅವರು ಕಣ್ಣು ಬಿಟ್ಟು ನಾಚಿಕೊಂಡರು. "ನೀವು ನೆಲದಲ್ಲಿ ಕೂತು, ನನ್ನ ಕಾಲು ಹಿಡಿದು ಅಷ್ಟು ಸಲ ಕೇಳ್ತೀರಿ. ಇಲ್ಲ ಅಂತ ಹೇಗೆ ಹೇಳುವುದು ಅಕ್ಕ?"

ಮರ್ಯಾದೆಗೆ ಹೇಳಿದ ಸುಳ್ಳು. ಹೊಟ್ಟೆ ತುಂಬದಿದ್ದರೂ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು" ಎನ್ನುವ ಜನರ ನಡುವೆ ಹುಟ್ಟಿದವಳು ನಾನು, ಇದು ಹೊಳೆಯಬೇಕಿತ್ತು. ಒಂದೇ ತಾಳದಲ್ಲಿ ಒತ್ತಬಾರದು, ನಡುನಡುವೆ ಮುಟ್ಟದೆಯೂ ಕಾಯಬೇಕು ಎಂಬುದು ಮೂಡುಬಿದಿರೆಯಲ್ಲಿ ಈ ಕೆಲಸ ಕಲಿಯುವಾಗ ನನಗೆ ಹೇಳಿಕೊಟ್ಟ ಮೊದಲ ಪಾಠ. ಬಸ್ಸಿನ ಗಡಿಬಿಡಿಯಲ್ಲಿ ನಾನು ಟಕಟಕನೆ ಒತ್ತುತ್ತ ಹೋಗಿದ್ದೆ. ಅವರು ಆ ತಾಳ ಹಿಡಿದಿದ್ದರು. ತಪ್ಪು ನನ್ನದು.

ಪಾದ ಎತ್ತಿ ನೋಡಿದೆ. ಹೆಬ್ಬೆರಳ ಬುಡದ ದಡ್ಡಿನ ನಡುವೆ ಕಪ್ಪು ಚುಕ್ಕೆ. ಬ್ಲೇಡಿನಿಂದ ಪದರ ತೆಗೆದಾಗ ಕೀವು ಬಂತು, ಹಿಂದೆಯೇ ವಾಸನೆ. ಪಾದದ ಮೇಲ್ಭಾಗ ಕೆಂಪಾಗಿ ಬಿಸಿಯಾಗಿತ್ತು. ಅವರಿಗೆ ನೋವೇ ಇರಲಿಲ್ಲ. ಬೇರೆ ಯಾರದೋ ಕಾಲು ಎಂಬ ಹಾಗೆ ನನ್ನ ಜೊತೆ ಅವರೂ ಬಗ್ಗಿ ನೋಡುತ್ತಿದ್ದರು.

"ಇವತ್ತೇ ಆಸ್ಪತ್ರೆಗೆ ಹೋಗ್ಬೇಕು ಅಣ್ಣ. ಅಡ್ಮಿಟ್ ಮಾಡ್ತಾರೆ."

"ನಾಡಿದ್ದು ಕೋರ್ಟ್ ಉಂಟಲ್ಲ. ತೀರ್ಪು."

ಬಿಡುಗಡೆ ಖಂಡಿತ ಎಂದು ವಕೀಲರು ಹೇಳಿದ್ದರಂತೆ. ತೀರ್ಪಿನ ದಿನ ಅವರನ್ನು ಕೋರ್ಟಿಗೆ ಹಾಜರುಪಡಿಸಬೇಕು. ಆಸ್ಪತ್ರೆಯಲ್ಲಿದ್ದರೆ ತಾರೀಕು ಮುಂದಕ್ಕೆ ಹೋಗುತ್ತದೆ, ಅದರ ಬೆನ್ನಿಗೇ ಕೋರ್ಟಿಗೆ ಬೇಸಿಗೆ ರಜೆ.

"ಎರಡೇ ದಿನ ತಡೆಯಿರಿ ಅಕ್ಕ. ಮತ್ತೆ ನೀವು ಹೇಳಿದಲ್ಲಿಗೆ ಬರ್ತೇನೆ. ಇಷ್ಟು ದಿನ ಇತ್ತು, ಇನ್ನು ಎರಡು ದಿನದಲ್ಲಿ ಎಂಥ ಆಗ್ತದೆ?"

ಅದು ಜೈಲಿಗೆ ಡಾಕ್ಟರು ಬರುವ ದಿನವಾಗಿರಲಿಲ್ಲ. ಪಾದದ ವಿಷಯದಲ್ಲಿ ನಾನು 'ತುರ್ತು' ಎಂದು ಚೀಟಿ ಬರೆದರೆ ಆಫೀಸಿನವರು ಕಳಿಸುತ್ತಾರೆ, 'ಡ್ರೆಸ್ಸಿಂಗ್ ಸಾಕು' ಎಂದು ಬರೆದರೆ ಅಲ್ಲೇ ಬಿಡುತ್ತಾರೆ. ಅತ್ತ ದರಿ, ಇತ್ತ ಪುಲಿ. ಎರಡು ದಿನದಲ್ಲಿ ಮೊಣಕಾಲಿನವರೆಗೆ ಏರಿದ ಸೋಂಕನ್ನು ಕಂಡಿದ್ದೇನೆ. ಏನೂ ಆಗದೆ ಉಳಿದದ್ದನ್ನೂ ಕಂಡಿದ್ದೇನೆ. 'ತುರ್ತು' ಎಂದು ಬರೆದೆ. ಅವರು ಚೀಟಿ ನೋಡಿದರು, ಮತ್ತೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು.

ಎರಡು ಬೆರಳು ಹೋದವು, ಕಾಲು ಉಳಿಯಿತು. ಸರಿಯಾದ ಹೊತ್ತಿಗೆ ಕಳಿಸಿದಿರಿ ಎಂದು ಆಸ್ಪತ್ರೆಯ ಡಾಕ್ಟರು ಫೋನಿನಲ್ಲಿ ಹೇಳಿದರು. ತೀರ್ಪು ರಜೆಯ ಆಚೆಗೆ ಹೋಯಿತು. ರಜೆ ಮುಗಿಯುವಷ್ಟರಲ್ಲಿ ನ್ಯಾಯಾಧೀಶರಿಗೆ ವರ್ಗವಾಯಿತು. ಹೊಸದಾಗಿ ಬಂದವರು ವಾದವನ್ನು ಮತ್ತೆ ಮೊದಲಿನಿಂದ ಕೇಳಬೇಕು ಎಂದರು. ಈಗ ದೀಪಾವಳಿ ಕಳೆದಿದೆ, ವಾದ ಇನ್ನೂ ನಡೆಯುತ್ತಿದೆ.

ಜೂನ್‌ನಲ್ಲಿ ಅವರ ಹೆಂಡತಿ ಎರಡು ಬಸ್ಸು ಬದಲಿಸಿ ಮೆಲ್ಕಾರಿನ ಕ್ಲಿನಿಕ್ಕಿಗೆ ಬಂದರು. ತೀರ್ಪಿನ ದಿನ ಇಸ್ತ್ರಿ ಮಾಡಿದ ಅಂಗಿ ಹಿಡಿದುಕೊಂಡು ಸಂಜೆಯವರೆಗೆ ಕೋರ್ಟಿನ ಮೆಟ್ಟಿಲಲ್ಲಿ ಕೂತಿದ್ದರಂತೆ. ಗಂಡ ಆಸ್ಪತ್ರೆಯಲ್ಲಿದ್ದಾರೆ ಎಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಕಾಲು ಉಳಿದ ವಿಷಯವನ್ನೇ ನಾನು ಮೂರು ಸಲ ಹೇಳಿದೆ. ಅವರು ಮೂರು ಸಲವೂ ಕೇಳಿಸಿಕೊಂಡರು.

"ಒಂದು ಕಾಲಲ್ಲಿ ಆದ್ರೂ ಮನೆಯಲ್ಲಿ ಇರ್ತಿದ್ರು ಸಿಸ್ಟರ್," ಎಂದರು ಕೊನೆಗೆ. "ನಾನು ಹಿಡ್ಕೊಳ್ತಿದ್ದೆ."

ಅವರು ಅಳಲಿಲ್ಲ. ಚಾ ತರಿಸಲಾ ಎಂದೆ, ಬೇಡ ಎಂದರು. ನನಗೂ ಅಳು ಬರಲಿಲ್ಲ. ಅಂದಿನಿಂದ ನನಗೆ ಹೆಚ್ಚೇನೂ ಅನ್ನಿಸುವುದಿಲ್ಲ. ಉಣ್ಣುತ್ತೇನೆ, ಬಸ್ಸು ಹತ್ತುತ್ತೇನೆ, ಮನೆಯವರು ತಮಾಷೆ ಮಾಡಿದರೆ ನಗುತ್ತೇನೆ. ಅಂಥದೇ ಪಾದ ಇನ್ನೊಮ್ಮೆ ಕಂಡರೆ ಅದೇ ಚೀಟಿ ಬರೆಯುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮೊದಲ ಸಲವೇ ಸರಿಯಾಗಿ ನೋಡಿದ್ದರೆ ಮಾರ್ಚಿನಲ್ಲೇ ಬರೆಯಬಹುದಿತ್ತು. ಆಗ ಆಸ್ಪತ್ರೆಯೂ ಆಗುತ್ತಿತ್ತು, ತೀರ್ಪಿನ ದಿನಕ್ಕೆ ವಾಪಸ್ಸೂ ಬರುತ್ತಿದ್ದರು. ಇದನ್ನು ಅವರ ಹೆಂಡತಿಗೆ ನಾನು ಹೇಳಲಿಲ್ಲ. ಅಣ್ಣನಿಗೂ ಹೇಳಿಲ್ಲ.

ಹೋದ ವಾರ ಹೋದಾಗ ಗಾಯ ಪೂರ್ತಿ ಮಾಗಿತ್ತು. ಹೊಸ ಚರ್ಮ ತೆಳ್ಳಗೆ, ಶುಭ್ರವಾಗಿತ್ತು. ಒತ್ತಿ ನೋಡಿದೆ, ಒಳಗೆ ಏನೂ ಇರಲಿಲ್ಲ.

"ಗುಣ ಆಯ್ತು ಅಣ್ಣ. ಇನ್ನು ಎಷ್ಟು ದೂರ ಬೇಕಾದ್ರೂ ನಡೀಬಹುದು."

ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಹೇಳುವ ಮಾತು, ಬಾಯಿಗೆ ಬಂದುಬಿಟ್ಟಿತು.

"ಎಲ್ಲಿಗೆ ಅಕ್ಕ?" ಎಂದರು.

ಸಿಟ್ಟಿನಿಂದ ಕೇಳಿದ್ದಲ್ಲ. ಉತ್ತರಕ್ಕೆ ಕಾಯುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅವರ ಪಾದವನ್ನು ಟವೆಲಿನ ಮೇಲಿಟ್ಟು, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದೆ.