ಬಣ್ಣ ಹೆಚ್ಚಿದ ಕೈ

ಮೊನ್ನೆ ಮಗಳ ಸೀಮಂತಕ್ಕೆ ಹಸಿರು ಗಾಜಿನ ಬಳೆ ತೊಡಿಸಲು ಅವಳ ಕೈಗೆ ಗಂಧದ ಸೋಪು ಹಚ್ಚಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸರಸ್ವತಿಪುರಂನ ನಮ್ಮ ಬೀದಿಯ ಬಳೆ ಅಂಗಡಿ ಅಮ್ಮ ಕಣ್ಣ ಮುಂದೆ ಬಂದು ನಿಂತರು.

ಹೆಂಗಸರ ಕೈ ಹಿಸುಕಿ ಹಿಸುಕಿ ಅವರ ಬಲಗೈ ಹೆಬ್ಬೆರಳಿನ ಬುಡ ವಿಪರೀತ ನೋಯುತ್ತಿತ್ತು. ಡಾಕ್ಟರು ಮಣಿಕಟ್ಟಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ನೋವೇನೋ ಹೋಯಿತು. ಆದರೆ ಒಂದೆರಡು ತಿಂಗಳಲ್ಲಿ ಸೂಜಿ ಚುಚ್ಚಿದ ಜಾಗದ ಚರ್ಮ ಬೆಳ್ಳಗಾಗಿ, ತೆಳುವಾಗಿ, ಸಣ್ಣ ಗುಳಿ ಬಿತ್ತು. ಈ ಔಷಧಿಯಿಂದ ಕೆಲವರಿಗೆ ಹೀಗಾಗುತ್ತದೆ, ಸಾಮಾನ್ಯವಾಗಿ ನಿಧಾನಕ್ಕೆ ಸರಿಹೋಗುತ್ತದೆ ಎಂದರಂತೆ ಡಾಕ್ಟರು.

ಬೀದಿಯವರು ಕೇಳಬೇಕಲ್ಲ! ಯಾರೋ ತೊನ್ನು ಎಂದರು, ಅಷ್ಟು ಸಾಕಾಯಿತು. ತೊನ್ನಾದರೂ ಅಂಟುವ ರೋಗವೇ? ಬಂದವರೆಲ್ಲ ಬಳೆ ಆರಿಸಿ, "ಮನೇಲೇ ತೊಟ್ಕೋತೀವಿ ಬುಡಿ" ಎಂದು ಕಟ್ಟಿಸಿಕೊಂಡು ಹೋಗತೊಡಗಿದರು. ಯಾರೂ ಕೈ ಕೊಡದಿದ್ದರೆ ಬಳೆ ತೊಡಿಸುವವರ ಗತಿಯೇನು?

ಕಲೆ ಮುಚ್ಚಲೆಂದು ಅವರು ಕೈ ತುಂಬ ಬಳೆ ಹೇರಿಕೊಂಡರು. ಗಾಜು ಉಜ್ಜಿ ಆ ತೆಳು ಚರ್ಮ ಕಿತ್ತು ರಕ್ತ ಬಂತು. ತೆಗೆದರೆ ಬರಿಗೈ. ಗಂಡ ಇರುವಾಕೆ, ಅದರಲ್ಲೂ ಬಳೆ ಮಾರುವಾಕೆ... ಕೊನೆಗೆ ಬಲಗೈ ಬಳೆಯನ್ನೆಲ್ಲ ತೆಗೆದಿಟ್ಟು, ಕಲೆ ಕಾಣುವಂತೆಯೇ ಅಂಗಡಿಯಲ್ಲಿ ಕೂತರು.

ನನ್ನ ಸೀಮಂತ ಬಂದದ್ದು ಆಗಲೇ. ಬೇರೆಯವರನ್ನು ಕರೆಸೋಣ ಎಂದರು ಅತ್ತೆ. "ನಂಗೆ ಅವರೇ ಬೇಕು ಅತ್ತೆ" ಎಂದೆ. ನನ್ನ ಹಟ ಅತ್ತೆಗೆ ಗೊತ್ತಿತ್ತು.

ಬಂದರು. ಬಾತುಕೊಂಡಿದ್ದ ನನ್ನ ಕೈಯನ್ನು ಮೆತ್ತಗೆ ಒತ್ತುತ್ತ ಬಳೆ ಏರಿಸುತ್ತಿದ್ದಾಗ ಒಂದು ಬಳೆ ಪಟ್ಟನೆ ಒಡೆಯಿತು. ಶುಭಕಾರ್ಯ, ಮೇಲಾಗಿ ಆ ಕೈ. ಎಲ್ಲರ ಕಣ್ಣೂ ಆ ಬಿಳಿ ಕಲೆಯ ಮೇಲೆ ಹೋಯಿತು. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಆ ಮಾತೂ ಯಾರಿಗೂ ನೆನಪಾಗಲಿಲ್ಲ.

ಅವರೇ ಮಣಿಕಟ್ಟನ್ನು ಎಲ್ಲರ ಮುಂದೆ ಎತ್ತಿ ಹಿಡಿದು ನಕ್ಕರು. "ಬಳೆ ಹೆಚ್ತು ಕಣವ್ವ. ಇಲ್ಲೂ ಅಂಗೇಯ, ಬಣ್ಣ ಓಗಿಲ್ಲ, ಹೆಚ್ಚೈತೆ!"

ಮೊದಲು ನಕ್ಕವರು ಅತ್ತೆ. ಆಮೇಲೆ ಪಕ್ಕದಲ್ಲಿ ಕೂತು ತಾವೇ ಕೈ ಚಾಚಿದರು. "ನಂಗೂ ಒಂದ್ ಡಜನ್ ಹಾಕಮ್ಮ." ಅವರ ಹಿಂದೆ ಉಳಿದವರೂ ಸರಿದು ಬಂದರು. ನನಗೆ ಅಂದು ಆದ ಖುಷಿ ಇವತ್ತಿಗೂ ಹಾಗೇ ಇದೆ.

ವರ್ಷ ಕಳೆಯುವುದರೊಳಗೆ ಗುಳಿ ತುಂಬಿ, ಬಣ್ಣವೂ ಮರಳಿತ್ತು. ಅಷ್ಟರಲ್ಲಿ ಆ ಕಲೆಯನ್ನು ನೋಡುವವರೇ ಇರಲಿಲ್ಲ.

ಮೊನ್ನೆ ತೊಡಿಸುವಾಗ ನನ್ನ ಕೈಯಲ್ಲೂ ಒಂದು ಬಳೆ ಹೋಯಿತು. "ಅಯ್ಯೋ, ಒಡೀತಲ್ಲಮ್ಮ" ಎಂದಳು ಮಗಳು. "ಹೆಚ್ತು ಅನ್ನೇ" ಎಂದೆ. ಬಳೆ ಅಂಗಡಿಯಿದ್ದ ಜಾಗದಲ್ಲಿ ಈಗ ಟ್ಯುಟೋರಿಯಲ್ ಇದೆ. ಅಂಗಡಿ ಅಮ್ಮ ತೀರಿಕೊಂಡು ವರ್ಷಗಳಾದವು... ಒಡೆದ ಬಳೆಗೂ ಹೋದ ಬಣ್ಣಕ್ಕೂ ಅವರ ಬಾಯಲ್ಲಿ ಒಂದು ಒಳ್ಳೆಯ ಮಾತಿತ್ತು. ಅವರಿಲ್ಲ ಎನ್ನುವುದಕ್ಕೆ ನನಗೆ ಅಂಥದ್ದೊಂದು ಮಾತು ಇನ್ನೂ ಸಿಕ್ಕಿಲ್ಲ.