ನಿನಗ ಎರಡು, ನನಗ ಒಂದೇ

ನಾನು ಓದಿದ್ದು ಐದನೇ ತರಗತಿಯವರೆಗೆ. ಅವ್ವ ಹತ್ತಿ ಬಿಡಿಸಲು ಹೋದರೆ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಅವ್ವ ಇಟ್ಟುಹೋದ ಜೋಳದ ರೊಟ್ಟಿಯನ್ನು ಅರ್ಧಕ್ಕೆ ಮುರಿದರೆ, ನನ್ನ ಕೈಯಲ್ಲಿರುವುದೇ ದೊಡ್ಡದೆಂದು ತಂಗಿ ಅಳುತ್ತಿದ್ದಳು. ಆಗ ಅವಳ ಅರ್ಧವನ್ನು ಮತ್ತೆ ಎರಡು ಮಾಡಿ, “ನೋಡು, ನಿನಗ ಎರಡು, ನನಗ ಒಂದೇ” ಎನ್ನುತ್ತಿದ್ದೆ. ಅವಳು ಸುಮ್ಮನಾಗಿ ತಿನ್ನುತ್ತಿದ್ದಳು.

ಆ ತಂಗಿ ಮುಂದೆ ಓದಿದಳು. ಗಡಿಯಾಚೆ ಕೌತಾಳಂ ಕಡೆ ನನ್ನನ್ನು ಕೊಟ್ಟ ಊರಿನ ಕನ್ನಡ ಶಾಲೆಗೆ ಪಾಠ ಹೇಳಲು ಬಂದು ನಮ್ಮ ಮನೆಯಲ್ಲೇ ಇದ್ದಳು. ಅದು ಖಾಯಂ ಕೆಲಸವಲ್ಲ. ಮಕ್ಕಳ ತಾಯಿತಂದೆಯರ ಕಮಿಟಿ ಪ್ರತಿವರ್ಷ ಒಪ್ಪಿದರೆ ಮಾತ್ರ ಉಳಿಯುತ್ತಿತ್ತು. ಕಮಿಟಿಯಲ್ಲಿ ನಾನೂ ಇದ್ದೆ. ನಾಲ್ಕನೇ ತರಗತಿಯ ನನ್ನ ಮಗಳು ಅವಳ ಹತ್ತಿರವೇ ಕಲಿಯುತ್ತಿದ್ದಳು.

ಸಮಾನ ಭಿನ್ನರಾಶಿ ಎಂಬ ಮಾತನ್ನು ನಾನು ಮೊದಲು ನೋಡಿದ್ದು ಮಗಳ ಪುಸ್ತಕದಲ್ಲಿ. ತಂಗಿ ಅದನ್ನು ಬಣ್ಣ ಹಚ್ಚುವ ಕಡ್ಡಿಗಳಿಂದ ಕಲಿಸುತ್ತಿದ್ದಳು. ಮಕ್ಕಳು ಮೂರು ತೆಳು ಹಾಳೆಗಳ ಮೇಲೆ ಬಟ್ಟಲು ಬೋರಲಿಟ್ಟು ಒಂದೊಂದು ವೃತ್ತ ಬರೆಯುವರು. ಒಂದರಲ್ಲಿ ಎರಡು ಭಾಗ, ಇನ್ನೊಂದರಲ್ಲಿ ನಾಲ್ಕು, ಮತ್ತೊಂದರಲ್ಲಿ ಎಂಟು. ಪ್ರತಿಯೊಂದರಲ್ಲೂ ಅರ್ಧಕ್ಕೆ ಕೆಂಪು ಹಚ್ಚಿ, ಒಂದರ ಮೇಲೊಂದಿಟ್ಟು ಬಿಸಿಲಿಗೆ ಹಿಡಿದರೆ ಕೆಂಪಿನ ಮೇಲೆ ಕೆಂಪು ಸರಿಯಾಗಿ ಕೂಡುತ್ತಿತ್ತು.

ಒಂದು ದಿನ ಮಗಳು ಕೆಂಪು ಬೆರಳುಗಳಲ್ಲೇ ಒಲೆಯ ಹತ್ತಿರ ಬಂದು ಕುಳಿತಳು. “ಚಿಕ್ಕವ್ವ ಇವತ್ತು ನಿನ್ನ ರೊಟ್ಟಿ ಕತಿ ಹೇಳಿದ್ಲು. ನಿನಗ ಎರಡು ಅಂತ ಹೇಳಿ ಮೋಸ ಮಾಡ್ತಿದ್ದಿಯಂತಲ್ಲ ಅವ್ವ? ಎಲ್ಲಾರೂ ನಕ್ಕರು.”

ಹಿಟ್ಟನ್ನು ಜೋರಾಗಿ ನಾದಿದೆ. ಯಾರಿಗಾಗಿ ಶಾಲೆ ಬಿಟ್ಟೆನೋ ಅವಳೇ ನನ್ನನ್ನು ಮೋಸಗಾತಿ ಮಾಡಿ ಮಕ್ಕಳನ್ನು ನಗಿಸಿದಳಲ್ಲ ಎಂದುಕೊಂಡೆ. ತಂಗಿಯನ್ನು ಒಂದು ಮಾತೂ ಕೇಳಲಿಲ್ಲ. ನಾಲ್ಕು ದಿನ ಸಿಟ್ಟನ್ನು ಒಳಗೇ ಇಟ್ಟುಕೊಂಡೆ.

ಐದನೇ ದಿನ, ತಂಗಿಯನ್ನು ಮುಂದುವರಿಸಬೇಕೋ ಬೇಡವೋ ನೋಡಲು ಕಮಿಟಿ ಕೂಡಿತು. ಹತ್ತಿ ವ್ಯಾಪಾರದವರೊಬ್ಬರು ತಮ್ಮ ಮಗನ ನೋಟ್‌ಬುಕ್ ಎತ್ತಿ ತೋರಿಸಿದರು. “ಲೆಕ್ಕ ಎಲ್ಲೈತ್ರಿ ಇದರಾಗ? ಬರೇ ರಂಗು. ಈ ಹುಡುಗರನ್ನ ಗ್ವಾಡಿಗೆ ಸುಣ್ಣ ಹಚ್ಚಾಕ ಕಳಿಸಬಹುದು.”

ಎಲ್ಲರೂ ನಕ್ಕರು. ಹೆಡ್‌ಮಾಸ್ತರರು ನನ್ನ ಕಡೆ ತಿರುಗಿದರು. “ಟೀಚರಮ್ಮನ ಅಕ್ಕ ಇಲ್ಲೇ ಅದಾರ. ನೀವ ಹೇಳ್ರಿ ಅಮ್ಮಾ, ನಿಮ್ಮ ಮಗಳಿಗೆ ಏನಾರ ಬಂದೈತೇನು?”

ತಂಗಿ ಬಾಗಿಲ ಬಳಿ ನಿಂತಿದ್ದಳು. ಅವಳ ಮುಖದಲ್ಲಿ ಅಂಜಿಕೆ ಇರಲಿಲ್ಲ. ಕೇಳಿದ್ದು ಅವಳ ಅಕ್ಕನಾದ ನನ್ನನ್ನಲ್ಲವೇ. ಕಿಟಕಿಯಾಚೆ ನನ್ನ ಮಗಳೂ ಇದ್ದಳು.

ಅದೇ ಬೆಳಿಗ್ಗೆ ಮಗಳು ತಟ್ಟೆಯಲ್ಲಿ ರೊಟ್ಟಿ ಮುರಿದು ನನಗೆ ಪಾಠ ಹೇಳಿದ್ದಳು: “ಎರಡರಾಗ ಒಂದು, ನಾಕರಾಗ ಎರಡು, ಎಂಟರಾಗ ನಾಕು. ಎಲ್ಲಾ ಅರ್ಧಾನ, ಅವ್ವ.” ಅವಳಿಗೆ ಬರುತ್ತಿತ್ತು. ಐದನೇ ತರಗತಿಗೇ ನಿಂತ ನನಗೂ ತಿಳಿದಿತ್ತು.

“ಏನೂ ಬಂದಿಲ್ರಿ,” ಎಂದೆ. “ಬರೇ ಆಟ.”

ಸ್ವಂತ ಅಕ್ಕನೇ ಹೇಳಿದ ಮೇಲೆ ಕಮಿಟಿಗೆ ಬೇರೆ ಮಾತು ಬೇಕಿರಲಿಲ್ಲ. ಅವಳ ಕೆಲಸ ಹೋಯಿತು. ಮನೆಗೆ ಬಂದು ತಂಗಿ ಬಟ್ಟೆ ಮಡಚತೊಡಗಿದಳು. “ಅಕ್ಕಾ, ಸಿಟ್ಟಿದ್ರ ಮನ್ಯಾಗ ಬೈಬೇಕಿತ್ತು,” ಎಂದಳು.

“ನಾನು ಮೋಸ ಮಾಡಿದೆ ಅಂತ ನೀನು ಹುಡುಗರ ಮುಂದ ಹೇಳಲಿಲ್ಲೇನು?”

ಅವಳು ನನ್ನನ್ನೇ ನೋಡಿದಳು. “ನನಗ ಮೊದಲನೇ ಟೀಚರು ನಮ್ಮಕ್ಕ ಅಂತ ಹೇಳಿದ್ದೆ. ಮೋಸ ಅಂದಾವು ಹುಡುಗರು. ನನ್ನ ಎರಡೂ ನಿನ್ನ ಒಂದೂ ಸಮ ಅಂತ ಗೊತ್ತಾಗಿದ್ದಕ್ಕ ಅಂದಾವಕ್ಕ. ಪಾಠ ತಲಿಗೆ ಹತ್ತೇತಿ ಅಂತ ನಾನೂ ನಕ್ಕೆ.”

ಮರುದಿನ ಬಸ್ಸು ಹತ್ತಿ ಹೋದಳು. ಈಗ ಆದೋನಿಯ ಒಂದು ಬಟ್ಟೆ ಅಂಗಡಿಯಲ್ಲಿ ಮೀಟರು ಹಿಡಿದು ಬಟ್ಟೆ ಅಳೆಯುತ್ತಾಳೆ. ನಾನು ಅಂದು ಹೇಳಿದ್ದು ಸುಳ್ಳೆಂದು ಕಮಿಟಿಯ ಮುಂದೆ ಇವತ್ತಿನವರೆಗೂ ಹೇಳಿಲ್ಲ. ಬರೆಯುವುದು ಸುಲಭ, ಅವರೆದುರು ಎದ್ದು ನಿಲ್ಲುವುದು ಆಗುತ್ತಿಲ್ಲ.

ಮಗಳು ಈಗ ನೋಟ್‌ಬುಕ್ ತೋರಿಸುವುದಿಲ್ಲ. ಶಾಲೆಯಿಂದ ಬಂದಾಗ ಏನು ಕಲಿತೆಯೆಂದು ಕೇಳಿದರೆ ಚೀಲ ಮೊಳೆಗೆ ಹಾಕುತ್ತಾ, ನನ್ನ ಕಡೆ ನೋಡದೆ ಹೇಳುತ್ತಾಳೆ:

“ಏನೂ ಬಂದಿಲ್ಲವ್ವ. ಬರೇ ಆಟ.”