ವಡೋದರದ ಡಾಕ್ಟರು ಹೇಳಿದ್ದು, ಮಗಳು ಹೇಳಿದ್ದು

ವಡೋದರದ ಡಾಕ್ಟರು ನನ್ನ ಮಗಳ ದವಡೆಯನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲೆ ಇಟ್ಟರು. ಹಿಂದಿನ ಸಲ ಹೋದಾಗ ಅವಳ ಬಾಯಿಗೆ ಅದೇನೋ ಮೆತ್ತಿ ತೆಗೆದುಕೊಂಡಿದ್ದ ಅಚ್ಚು, ಬಿಳಿ ಪ್ಲಾಸ್ಟರಿನದು. ಮೇಲಿನದು ಒಂದು, ಕೆಳಗಿನದು ಒಂದು. ಎಡಗಡೆಯ ತಿರುಚಿದ ಕೋರೆಹಲ್ಲಿನ ಸಮೇತ ಎಲ್ಲ ಅವಳದೇ. ಡಾಕ್ಟರು ಅದರ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಇಲ್ಲಿ ಕೊಯ್ದು ಕೆಳಗಿನದನ್ನು ಹಿಂದೆ ಸರಿಸುತ್ತೇವೆ, ಇಲ್ಲಿ ಕೊಯ್ದು ಮೇಲಿನದನ್ನು ಮುಂದೆ ತರುತ್ತೇವೆ ಎಂದು, ಬಡಗಿ ಕಿಟಕಿಯ ಚೌಕಟ್ಟಿನ ವಿಷಯ ಹೇಳುವ ಹಾಗೆ ಹೇಳಿದರು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನನ್ನ ಮಗಳು ರಶ್ಮಿ, ಆಗ ಹದಿನೇಳರವಳು, ಅಚ್ಚನ್ನು ಎತ್ತಿ ತಿರುಗಿಸಿ ನೋಡಿ, "ಅಮ್ಮ, ಇದು ನಿಂದೇ ಅಲ್ವಾ!" ಎಂದು ನಕ್ಕಳು. ನಗುವಾಗ ಎಂದಿನಂತೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ಅವಳು ಹೇಳಿದ್ದು ನಿಜವೇ. ನನ್ನ ಕೆಳದವಡೆಯೂ ಮುಂದೆ. ನನ್ನ ಅಪ್ಪನದೂ ಹಾಗೆಯೇ ಇತ್ತು, ಅಣ್ಣನದೂ ಹಾಗೆಯೇ ಉಂಟು. ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ನಾನು ನಿಂತರೆ ಗುರುತಿಲ್ಲದವರೂ "ನೀನು ಮಾಸ್ಟ್ರ ಮಗಳಲ್ವಾ?" ಎಂದು ಕೇಳುತ್ತಿದ್ದರು. ನನಗೆ ಅದೊಂದು ಕಾಯಿಲೆ ಎಂದು ಯಾವತ್ತೂ ಅನ್ನಿಸಲಿಲ್ಲ. ನನ್ನ ಹಲ್ಲುಗಳಾದರೂ ಒಂದಕ್ಕೊಂದು ತಾಗುತ್ತವೆ. ರಶ್ಮಿಗೆ ಮುಂದಿನ ಹಲ್ಲು ಕೂಡುವುದೇ ಇಲ್ಲ. ಇಲ್ಲಿಯವರ ಖಾಖ್ರಾ, ಅಂದರೆ ಹಪ್ಪಳದಷ್ಟು ತೆಳ್ಳಗಿನ ಗರಿಗರಿ ರೊಟ್ಟಿ, ಅದನ್ನೂ ಅವಳು ಕೈಯಲ್ಲಿ ಮುರಿದು ದವಡೆಯ ಮೂಲೆಗೆ ಇಟ್ಟುಕೊಂಡು ಅಗಿಯುತ್ತಿದ್ದಳು. ಸಂಜೆಯಾದರೆ ಕಿವಿಯ ಬುಡ ನೋವು. ಇದನ್ನೆಲ್ಲ ನಾನು ದಿನಾ ನೋಡುತ್ತಿದ್ದೆ.

ನಾವು ಅಹಮದಾಬಾದಿಗೆ ಬಂದಾಗ ಅವಳಿಗೆ ಮೂರು ವರ್ಷ. ನಮ್ಮವರು ಇಲ್ಲಿ ಒಂದು ಉಡುಪಿ ಹೋಟೆಲು ಶುರು ಮಾಡಿದ್ದರು. ಬಾಡಿಗೆ ಮನೆ ಕೇಳಲು ಹೋದಲ್ಲೆಲ್ಲ ಮೊದಲ ಪ್ರಶ್ನೆ, ಮೊಟ್ಟೆ ತಿನ್ನುತ್ತೀರಾ ಎಂದು. ಎರಡನೆಯದು, ಊರಲ್ಲಿ ಸಮುದ್ರ ಇದೆಯಂತೆ, ಹಾಗಾದರೆ ಮೀನು? ಇಲ್ಲ ಇಲ್ಲ ಎಂದು ತಲೆಯಾಡಿಸಿ ಆಡಿಸಿ ಕೊನೆಗೆ ಒಂದು ಮನೆ ಸಿಕ್ಕಿತು. ದಾಲಿಗೆ ಬೆಲ್ಲ ಹಾಕುತ್ತಾರಂತಲ್ಲ, ಹೇಗೆ ಉಣ್ಣುತ್ತೀ ಎಂದು ಊರಿನವರು ಕನಿಕರ ಪಡುತ್ತಾರೆ. ಸಾಂಬಾರಿಗೆ ಬೆಲ್ಲ ಹಾಕುವ ನಾವು ಯಾವ ಬಾಯಲ್ಲಿ ದೂರುವುದು? ನನಗೆ ಕಷ್ಟವಾದದ್ದು ಮಧ್ಯಾಹ್ನಗಳು. ಊರಲ್ಲಿ ಮಧ್ಯಾಹ್ನವೆಂದರೆ ಅಂಗಳದಲ್ಲಿ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ, ಏನೂ ಇಲ್ಲದಿದ್ದರೆ ಒಣಗಲು ಹಾಕಿದ ಹಪ್ಪಳ ಕಾಯುವ ಮುದುಕಿಯಾದರೂ. ಇಲ್ಲಿ ಬಿಸಿಲಿಗೆ ಇಡೀ ಬೀದಿ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತದೆ. ನಮ್ಮವರು ಬೆಳಗ್ಗೆ ಹೋದರೆ ರಾತ್ರಿಯೇ ಬರುವುದು. ಕನ್ನಡದಲ್ಲಿ ಮಾತಾಡಲು ನನಗಿದ್ದದ್ದು ಆ ಪುಟ್ಟ ಮಗು ಒಂದೇ.

ಶಾಲೆಗೆ ಸೇರಿ ಎರಡು ವರ್ಷದೊಳಗೆ ಆ ಮಗುವೂ ಕೈತಪ್ಪತೊಡಗಿತು. ಆಟ ಗುಜರಾತಿಯಲ್ಲಿ, ಜಗಳ ಗುಜರಾತಿಯಲ್ಲಿ, ನಿದ್ದೆಯಲ್ಲಿ ಕನವರಿಸುವುದೂ ಗುಜರಾತಿಯಲ್ಲಿ. ಅವಳ ಕನ್ನಡದಲ್ಲಿ ಬಸ್ಸು "ಬಂದಳು", ಹಾಲು "ಚೆಲ್ಲಿದ". ಅವಳು ಪೂರ್ತಿ ಪೂರ್ತಿ ಕನ್ನಡ ವಾಕ್ಯ ಆಡುತ್ತಿದ್ದದ್ದು ಒಂದೇ ಹೊತ್ತಿನಲ್ಲಿ: ಟೀಚರು, ಡಾಕ್ಟರು, ಸೊಸೈಟಿಯ ಸೆಕ್ರೆಟರಿ ಹೇಳಿದ್ದನ್ನು ನನಗೆ ತಿಳಿಸುವಾಗ. ನನ್ನ ಕೈ ಹಿಡಿದುಕೊಂಡು, ಮುಖ ಗಂಭೀರ ಮಾಡಿಕೊಂಡು, ಪದ ಹುಡುಕಿ ಹುಡುಕಿ ಹೇಳುತ್ತಿದ್ದಳು. ನನಗೆ ಅದೇ ಹಬ್ಬ.

ಈಗ ಹೇಳಿಬಿಡುತ್ತೇನೆ. ಪಕ್ಕದ ಮನೆಯ ಹಂಸಾಬೆನ್ ಜೊತೆ ತರಕಾರಿ ಬಿಡಿಸುತ್ತಾ ಬಿಡಿಸುತ್ತಾ ನಾನು ಗುಜರಾತಿ ಕಲಿತಿದ್ದೆ. "ಬೆನ್" ಎಂದರೆ ಅಕ್ಕ, ತಂಗಿ. ಇಲ್ಲಿ ಎಲ್ಲ ಹೆಂಗಸರ ಹೆಸರಿಗೂ ಅದು ಅಂಟಿಕೊಂಡಿರುತ್ತದೆ. ಓದಲು ಬಾರದು, ಆದರೆ ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಮಾತೂ ಬರುತ್ತಿತ್ತು. ಮಗಳು ಶಾಲೆಯಿಂದ ಬರುವ ಹೊತ್ತಿಗೆ ನಾನು ಮೂಗಿ. ಹಂಸಾಬೆನ್ ನಗುತ್ತಿದ್ದರು, "ಎಷ್ಟು ದಿನ ಈ ನಾಟಕ?" ಎಂದು. ನನಗೆ ಗುಜರಾತಿ ಬರುತ್ತದೆ ಎಂದು ತಿಳಿದ ದಿನ ಮಗಳು ನನ್ನ ಜೊತೆ ಕನ್ನಡ ಬಿಟ್ಟುಬಿಡುತ್ತಾಳೆ ಎಂಬ ಹೆದರಿಕೆ ನನ್ನದು. ಮರ್ಯಾದೆಗೆಟ್ಟ ಉಪಾಯ, ಒಪ್ಪುತ್ತೇನೆ. ಆಗ ಜಾಣತನ ಅನ್ನಿಸಿತ್ತು.

ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಹಲ್ಲಿನ ಡಾಕ್ಟರು ಬಂದು ಮಕ್ಕಳನ್ನೆಲ್ಲ ನೋಡಿ ಚೀಟಿ ಬರೆದು ಕಳಿಸಿದರು. ರಶ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊದಲು ಗುಜರಾತಿಯಲ್ಲಿ ಜೋರಾಗಿ ಓದಿಕೊಂಡು, ಆಮೇಲೆ ನನಗೆ ಹೇಳಿದಳು: "ಅಮ್ಮ, ನನ್ನ ದವಡೆ ಸರಿ ಬೆಳೀತಾ ಇಲ್ಲಂತೆ. ದೊಡ್ಡ ಡಾಕ್ಟರಿಗೆ ಬೇಗ ತೋರಿಸ್ಬೇಕಂತೆ." ಒಂದಕ್ಷರ ತಪ್ಪಿರಲಿಲ್ಲ. ನಾನು ದೋಸೆ ಮಗುಚುತ್ತಾ, "ಅದೆಂತದ್ದೂ ಇಲ್ಲ, ನಮ್ಮ ಮನೆಯವರ ಮುಖವೇ ಹಾಗೆ" ಎಂದೆ. ದೊಡ್ಡ ಆಸ್ಪತ್ರೆ ಎಂದರೆ ನನಗೆ ಹೆದರಿಕೆ, ಅದು ಹೌದು. ಹೋಟೆಲು ಬಿಟ್ಟು ಬರಲು ನಮ್ಮವರಿಗೆ ಪುರುಸೊತ್ತಿರಲಿಲ್ಲ, ಅದೂ ಹೌದು. ಆದರೆ ಒಳಗಿನ ಮಾತು ಬೇರೆ. ಈ ದೂರದ ಊರಿನಲ್ಲಿ ನನ್ನಂತೆ ಕಾಣುವ ಮುಖ ಒಂದೇ ಇತ್ತು, ಅದನ್ನು ಯಾರೋ ಸರಿಯಿಲ್ಲ ಎಂದದ್ದು ನನಗೆ ಹಿಡಿಸಲಿಲ್ಲ. ಅವಳು ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ನಾನು ಅದನ್ನು ಮತ್ತೆ ಕೇಳಲಿಲ್ಲ.

ಕಾಲೇಜು ಸೇರಿದ ಮೇಲೆ ಅವಳೇ ಹೇಳಿದಳು, ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು. ಎಲ್ಲಿ, ಯಾರ ಹತ್ತಿರ ಎಂದು ಶುರುವಾಯಿತು. ಅಣ್ಣ ಫೋನಿನಲ್ಲಿ, "ಊರಿಗೇ ಬನ್ನಿ ಮಾರಾಯ್ತಿ, ಇಲ್ಲಿ ಎಂಥೆಂಥ ಡಾಕ್ಟ್ರು ಇದ್ದಾರೆ, ಭಾಷೆಯೂ ನಮ್ದು" ಎಂದ. ರಶ್ಮಿ ಒಪ್ಪಲಿಲ್ಲ. "ಅಲ್ಲಿ ಎಲ್ಲರೂ ನೋಡ್ಲಿಕ್ಕೆ ಬರ್ತಾರೆ. ಎಂತಕ್ಕೆ ಮಾಡ್ಸಿದ್ದು, ಚಂದವೇ ಇತ್ತಲ್ಲ ಅಂತಾರೆ. ನಂಗೆ ಬೇಡ."

ಮೊದಲು ಸೂರತ್ತಿಗೆ ಹೋದೆವು, ನಮ್ಮವರ ಚಿಕ್ಕಪ್ಪನ ಮಗ ಅಲ್ಲಿದ್ದಾನೆಂದು. ಅಲ್ಲಿಯ ಡಾಕ್ಟರು ಕಂಪ್ಯೂಟರಿನಲ್ಲಿ ರಶ್ಮಿಯ ಫೋಟೋ ಹಾಕಿ, ಅಲ್ಲಿ ಇಲ್ಲಿ ಒತ್ತಿ, ಆಪರೇಷನ್ ಆದ ಮೇಲೆ ಹೀಗೆ ಎಂದು ಒಬ್ಬ ಹುಡುಗಿಯನ್ನು ತೋರಿಸಿದರು. ಮದುವೆಗೆ ಒಳ್ಳೆಯದು ಎಂದೂ ಸೇರಿಸಿದರು. ಅಗಿಯುವುದರ ಬಗ್ಗೆ, ನೋವಿನ ಬಗ್ಗೆ ಒಂದು ಮಾತಿಲ್ಲ. ಹೊರಗೆ ಬಂದ ಕೂಡಲೇ ರಶ್ಮಿ, "ಅದು ಯಾರು?" ಎಂದಳು. ಅಲ್ಲಿಗೆ ಸೂರತ್ತಿನ ಕಥೆ ಮುಗಿಯಿತು.

ಅಹಮದಾಬಾದಿನಲ್ಲಿ ಏನು ಮಾಡಬೇಕಾದರೂ "ಓಳಖಾಣ" ಬೇಕು. ಓಳಖಾಣವೆಂದರೆ ಗುರುತು ಪರಿಚಯ. ಗ್ಯಾಸ್ ಸಿಲಿಂಡರಿನಿಂದ ಗಂಡು ಹುಡುಕುವ ತನಕ ಅದಿಲ್ಲದೆ ಇಲ್ಲಿ ಎಲೆ ಅಲ್ಲಾಡುವುದಿಲ್ಲ. ಹಂಸಾಬೆನ್ನರ ಓಳಖಾಣದಿಂದ ಇದೇ ಊರಿನ ಬೋಡಕ್‌ದೇವಿನ ಒಬ್ಬ ದೊಡ್ಡ ಸರ್ಜನ್ ಸಿಕ್ಕಿದರು. ಅವರಿಗೆ ನಮ್ಮ ಹೋಟೆಲು ಗೊತ್ತಿತ್ತು. ಸಾಂಬಾರಿನ ಬಗ್ಗೆ ನಮ್ಮವರ ಜೊತೆ ಹತ್ತು ನಿಮಿಷ ಮಾತಾಡಿದರು, ದವಡೆಯನ್ನು ಒಂದು ನಿಮಿಷ ನೋಡಿದರು, ಎಲ್ಲ ಮಾಡಿಬಿಡುವ ಎಂದರು. ನಮ್ಮವರು ಖುಷಿಯಾಗಿ ಹೊರಬಂದರು. ರಶ್ಮಿಯನ್ನು ಯಾರೂ ಏನೂ ಕೇಳಿರಲಿಲ್ಲ.

ವಡೋದರದ ಡಾಕ್ಟರನ್ನು ಅವಳೇ ಹುಡುಕಿದ್ದು. ಅವರ ಹತ್ತಿರ ಇದೇ ಆಪರೇಷನ್ ಮಾಡಿಸಿಕೊಂಡಿದ್ದ ಒಬ್ಬ ಹುಡುಗಿಯ ಮನೆಗೆ ಹೋಗಿ, ಎಷ್ಟು ದಿನ ಉಣ್ಣಲಾಗಲಿಲ್ಲ, ಎಲ್ಲಿ ನೋವು, ಈಗ ಹೇಗೆ ಎಂದು ಎಲ್ಲ ಕೇಳಿಕೊಂಡು ಬಂದಿದ್ದಳು. ಡಾಕ್ಟರು ನರೆತ ತಲೆಯ ಮನುಷ್ಯ. ಅಮ್ಮನಿಗೆ ಗುಜರಾತಿ ಬರುವುದಿಲ್ಲ, ನಾನು ತಿಳಿಸುತ್ತೇನೆ ಎಂದು ಅವಳು ಮೊದಲೇ ಹೇಳಿಟ್ಟಿದ್ದಳು. ಆ ಪ್ಲಾಸ್ಟರಿನ ಅಚ್ಚನ್ನು ತೋರಿಸಿ ಮುಗಿಸಿದ ಮೇಲೆ ಅವರು ಅವಳನ್ನೇ ನೋಡಿ ಕೇಳಿದರು: "ಚಿಕ್ಕವಳಿದ್ದಾಗ ಯಾರೂ ತೋರಿಸಿರಲಿಲ್ಲವೇ? ಎಂಟೊಂಬತ್ತು ವರ್ಷಕ್ಕೆ ತಂದಿದ್ದರೆ ಮುಖಕ್ಕೆ ಒಂದು ಪಟ್ಟಿ ಹಾಕಿ ಮೇಲಿನ ದವಡೆಯನ್ನು ಮುಂದೆ ಎಳೆಯಬಹುದಿತ್ತು. ಬಹುಶಃ ಆಪರೇಷನ್ ಬೇಕಾಗುತ್ತಿರಲಿಲ್ಲ."

ನನ್ನ ಕಿವಿ ಬಿಸಿಯಾಯಿತು. ರಶ್ಮಿ ನನ್ನ ಕಡೆ ತಿರುಗಿದಳು. "ಚಿಕ್ಕದಿರುವಾಗ ಬಂದಿದ್ರೂ ಎಂತ ಮಾಡ್ಲಿಕ್ಕೆ ಆಗ್ತಿರ್ಲಿಲ್ಲ ಅಂತೆ ಅಮ್ಮ. ಇದು ದೊಡ್ಡವರಾದ ಮೇಲೇ ಮಾಡೋದಂತೆ." ಅಷ್ಟು ಚೆಂದದ, ಎಲ್ಲೂ ತೊದಲದ ಕನ್ನಡವನ್ನು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. "ಹೌದಾ?" ಎಂದೆ. ಅಷ್ಟೇ ಅಂದದ್ದು.

ಮನೆಗೆ ಬಂದು ನಾನು ವಡೋದರವೇ ಆಗಬೇಕು ಎಂದು ಹಟ ಹಿಡಿದೆ. ನಮ್ಮವರಿಗೆ ಆಶ್ಚರ್ಯ. "ಮನೆಯಿಂದ ಬೋಡಕ್‌ದೇವಿಗೆ ಸ್ಕೂಟರಿನಲ್ಲಿ ಹೋಗಿ ಬರ್ಬಹುದು. ಅದು ಬಿಟ್ಟು ತಿಂಗಳು ತಿಂಗಳು ರೈಲಾ? ಅವರು ಹೇಳಿದ್ದು ನಿಂಗೆ ಎಂತ ಅರ್ಥ ಆಗಿದೆ ಅಂತ?" ಎಲ್ಲ ಅರ್ಥವಾಗಿದೆ ಎಂದು ಹೇಳುವ ಧೈರ್ಯ ಬರಲಿಲ್ಲ. ನನ್ನ ತಪ್ಪನ್ನು ನನ್ನೆದುರೇ ಹೇಳಿದ ಮನುಷ್ಯನ ಕೈಗೆ ಮಗಳನ್ನು ಕೊಡಬಹುದು ಅನ್ನಿಸಿತ್ತು. "ರಶ್ಮಿಗೆ ಅವರೇ ಬೇಕಂತೆ" ಎಂದು ಅವಳ ಹೆಸರು ಹೇಳಿ ತಪ್ಪಿಸಿಕೊಂಡೆ.

ಆಪರೇಷನ್ನಿಗೆ ಮೊದಲು ಒಂದೂವರೆ ವರ್ಷ ಹಲ್ಲಿಗೆ ತಂತಿ. ತಿಂಗಳಿಗೊಮ್ಮೆ ನಾವಿಬ್ಬರೂ ರೈಲಿನಲ್ಲಿ ವಡೋದರಕ್ಕೆ ಹೋಗುತ್ತಿದ್ದೆವು. ಪ್ರತಿ ಸಲವೂ ಹೋಗುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ತಂತಿ ಬಿಗಿ ಮಾಡಿಸಿಕೊಂಡು ಬರುವಾಗ ಅವಳು ನೋವಿಗೆ ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಆ ತಲೆಯ ಭಾರಕ್ಕೆ ನನ್ನ ಬಾಯಿ ಕಟ್ಟಿಹೋಗುತ್ತಿತ್ತು.

ಆಸ್ಪತ್ರೆಗೆ ಸೇರಿಸಿದ ದಿನ ಒಪ್ಪಿಗೆ ಪತ್ರ ತಂದಿಟ್ಟರು. ರಶ್ಮಿ ತನ್ನ ಸಹಿ ಹಾಕಿದಳು, ಕೆಳಗೆ ನನ್ನದು ಬೇಕಿತ್ತು. ಡಾಕ್ಟರು ಅವಳಿಗೆ ಹೇಳಿದರು: "ಅಮ್ಮನಿಗೆ ಸರಿಯಾಗಿ ತಿಳಿಸು. ಕೆಳತುಟಿ, ಗದ್ದ ಮರಗಟ್ಟುತ್ತದೆ. ಹೆಚ್ಚಿನವರಿಗೆ ನಿಧಾನವಾಗಿ ಸರಿಹೋಗುತ್ತದೆ. ಕೆಲವರಿಗೆ ಪೂರ್ತಿ ಹೋಗುವುದೇ ಇಲ್ಲ."

"ಸ್ವಲ್ಪ ದಿನ ಬಾತುಕೊಂಡಿರ್ತದಂತೆ ಅಮ್ಮ" ಎಂದಳು ರಶ್ಮಿ.

ನಾನು ಪೆನ್ನು ಕೆಳಗಿಟ್ಟೆ. ಗುಜರಾತಿಯಲ್ಲಿ ಹೇಳಿದೆ: "ಸಾಹೇಬ್, ನನಗೆ ಎಲ್ಲ ಅರ್ಥವಾಗುತ್ತದೆ. ತುಟಿಯದೂ ಅರ್ಥವಾಯಿತು. ಆವತ್ತು ನೀವು ಕೇಳಿದ್ದೂ ಅರ್ಥವಾಗಿತ್ತು. ಅವಳ ಒಂಬತ್ತನೇ ವರ್ಷಕ್ಕೇ ಶಾಲೆಯವರು ತೋರಿಸಿ ಎಂದಿದ್ದರು. ನಾನೇ ಕರೆತರಲಿಲ್ಲ." ಡಾಕ್ಟರು ನನ್ನನ್ನು, ಅವಳನ್ನು ನೋಡಿ, "ಆದದ್ದಾಯಿತು ಬೆನ್" ಎಂದು ಎದ್ದು ಹೊರಗೆ ಹೋದರು.

ರಶ್ಮಿ ನನ್ನನ್ನೇ ನೋಡಿದಳು. "ನಿಂಗೆ ಗುಜರಾತಿ ಬರ್ತದಾ?"

"ಬರ್ತದೆ ಮಗಾ."

"ಯಾವಾಗಿಂದ?"

"ನೀನು ಆ ಚೀಟಿ ಓದಿದ್ಯಲ್ಲ, ಆಗಲೂ ಬರ್ತಿತ್ತು. ನೀನು ಕನ್ನಡ ಬಿಟ್ಟುಬಿಡ್ತೀ ಅಂತ ಹೆದರಿ ಹೇಳ್ಲಿಲ್ಲ."

ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. "ಅಂದ್ರೆ ನಾನು ಸರಿಯಾಗಿಯೇ ಹೇಳಿದ್ದಾ? ನಾನು ಚೀಟಿ ತಪ್ಪು ಹೇಳಿದೆ, ಅದಕ್ಕೇ ನೀನು ಕರ್ಕೊಂಡು ಹೋಗ್ಲಿಲ್ಲ ಅಂತ ಅಂದ್ಕೊಂಡಿದ್ದೆ ಅಮ್ಮ. ಇಷ್ಟು ವರ್ಷ."

ನಾಲ್ಕನೇ ಕ್ಲಾಸಿನ ಮಗು. ನಾನು ಕನ್ನಡ ಕೇಳಿ ಹಬ್ಬ ಮಾಡುತ್ತಿದ್ದಾಗ ಅವಳು ಒಂದು ಪದ ತಪ್ಪಿದರೆ ಏನಾಗುವುದೋ ಎಂದು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಕೈ ಮುಗಿಯಲು ಹೋದೆ. ಅವಳು ನನ್ನ ಕೈಗಳನ್ನು ಬಿಡಿಸಿ, ಪೆನ್ನು ಎತ್ತಿ ಕೊಟ್ಟು, "ಹವೇ ಸಹೀ ಕರ್" ಎಂದಳು. ಈಗ ಸಹಿ ಮಾಡು, ಎಂದು. ಅವಳು ನನ್ನೊಂದಿಗೆ ಆಡಿದ ಮೊದಲ ಗುಜರಾತಿ ಮಾತು ಅದು. ನಾನು ಕನ್ನಡದಲ್ಲಿ ಸಹಿ ಹಾಕಿದೆ.

ಆಪರೇಷನ್ ಚೆನ್ನಾಗಿ ಆಯಿತು. ವಾರಗಟ್ಟಲೆ ಹಲ್ಲಿಗೆ ರಬ್ಬರು ಬಿಗಿದಿದ್ದರು. ಊರಿನಿಂದ ತರಿಸಿದ ಕುಚ್ಚಲಕ್ಕಿಯ ಗಂಜಿತಿಳಿಯನ್ನು ಸೋಸಿ ಸೋಸಿ ಕೊಟ್ಟೆ. ಈಗ ಖಾಖ್ರಾವನ್ನು ಮುಂದಿನ ಹಲ್ಲಿನಿಂದಲೇ ಕಟುಂ ಎಂದು ಕಡಿಯುತ್ತಾಳೆ. ಕೆಳತುಟಿಯ ಎಡಗಡೆ ಇನ್ನೂ ಜೋಮು, ಅಲ್ಲಿ ಅನ್ನದ ಅಗುಳು ಅಂಟಿದರೆ ಅವಳಿಗೆ ತಿಳಿಯುವುದಿಲ್ಲ. ನಾನು ನನ್ನ ತುಟಿ ಮುಟ್ಟಿ ತೋರಿಸುತ್ತೇನೆ, ಅವಳು ಒರೆಸಿಕೊಳ್ಳುತ್ತಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಗುಜರಾತಿಯಲ್ಲಿ. ಅದು ಕೋಪವಲ್ಲ, ಅವಳಿಗೆ ಅದೇ ಸಲೀಸು ಎನ್ನುತ್ತಾರೆ ನಮ್ಮವರು. ಇರಬಹುದು. ಕನ್ನಡದಲ್ಲಿ ಹೇಳು ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ.

ಮೊನ್ನೆ ಭಾನುವಾರ ಅಣ್ಣ ಫೋನು ಮಾಡಿದ. "ರಶ್ಮಿಗೆ ಒಮ್ಮೆ ಕೊಡು ಮಾರಾಯ್ತಿ, ಅವಳ ಬಸ್ಸು ಬಂದಳು ಹಾಲು ಚೆಲ್ಲಿದ ಕೇಳದೆ ಎಷ್ಟು ಸಮಯ ಆಯ್ತು" ಎಂದ.

"ದವಡೆ ಇನ್ನೂ ಪೂರ್ತಿ ಸರಿ ಆಗ್ಲಿಲ್ಲ ಅಣ್ಣ. ಹೆಚ್ಚು ಮಾತಾಡ್ಲಿಕ್ಕೆ ಆಗುದಿಲ್ಲ ಅವಳಿಗೆ" ಎಂದೆ.

ಒಳಗಿನ ಕೋಣೆಯಲ್ಲಿ ಗೆಳತಿಯ ಜೊತೆ ಏನೋ ಹೇಳಿಕೊಂಡು ಅವಳು ಜೋರಾಗಿ ನಗುತ್ತಿದ್ದಳು. ಅಣ್ಣನಿಗೂ ಕೇಳಿಸಿತು.

"ಯಾರದು ಅಷ್ಟು ಚೆಂದ ನಗುದು?"

"ಪಕ್ಕದ ಮನೆಯ ಹುಡುಗಿ" ಎಂದೆ.